ಮೊದಲು ತೋಳು ಮಡಿಸುತ್ತಿದ್ದವಳು

ಹೊಸೂರು ರಸ್ತೆ ದಾಟುವಾಗ ನನ್ನ ಅಕ್ಕ ಎಡಗೈಯನ್ನು ಹಿಂದಕ್ಕೆ ಚಾಚುತ್ತಿದ್ದಳು. ಮುಖ ಲಾರಿಗಳ ಕಡೆ, ಕೈ ನನ್ನ ಕಡೆ. ಅಂಗೈ ಅಗಲವಾಗಿ ತೆರೆದಿದ್ದರೆ ನಾನು ನಿಲ್ಲಬೇಕು, ಬೆರಳು ಮಡಚಿದರೆ ಹೆಜ್ಜೆ ಹಾಕಬೇಕು. ನನ್ನ ಮೀಸೆಯಲ್ಲಿ ಬಿಳಿ ಕೂದಲು ಬಂದ ಮೇಲೂ ಅವಳು ಇದನ್ನು ಬಿಟ್ಟಿರಲಿಲ್ಲ. ನಾನು ದಿನವೂ ಅದೇ ರಸ್ತೆಯಲ್ಲಿ ಊಟದ ವ್ಯಾನ್ ಓಡಿಸುವವನು. "ಡ್ರೈವರಣ್ಣಂಗೆ ರೋಡ್ ದಾಟ್ಸಕ್ಕೆ ಅಕ್ಕ ಬೇಕು ನೋಡ್ರೋ" ಎಂದು ನಮ್ಮ ಕಿಚನ್ನಿನ ಹುಡುಗರು ನಗುತ್ತಿದ್ದರು. ಅಕ್ಕ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. "ನಾನ್ ಮೊದ್ಲು ನೋಡ್ತೀನಿ, ಆಮೇಲೆ ನೀನ್ ಬಾ" ಎಂಬುದು ಅವಳ ಮಾತು. ಬಾವಿಗೆ ಇಳಿಯುವಾಗ, ಹೊಸ ಬಾಡಿಗೆ ಮನೆಯ ಬಾಗಿಲು ತೆಗೆಯುವಾಗ, ಬೊಗಳುವ ನಾಯಿಯ ಮುಂದೆ ಹಾದುಹೋಗುವಾಗ, ಎಲ್ಲದಕ್ಕೂ ಇದೊಂದೇ ಮಾತು.

ನಾನು ಏಳನೇ ಕ್ಲಾಸಿನವರೆಗೆ ಓದಿದವನು. ನಮ್ಮ ಬಡಾವಣೆಯ ಕನ್ನಡ ಸಂಘದವರು ರಾಜ್ಯೋತ್ಸವದ ಸಂಚಿಕೆಗೆ ಮರೆಯಲಾಗದ ಒಬ್ಬರ ಬಗ್ಗೆ ಬರೆದುಕೊಡಿ ಎಂದಾಗ, ಉಳಿದವರೆಲ್ಲ ತಮ್ಮ ಮೇಷ್ಟ್ರ ಬಗ್ಗೆ ಬರೆಯುತ್ತಾರೆಂದು ಗೊತ್ತಿತ್ತು. ನನಗೆ ನೆನಪಿಡುವಂಥ ಮೇಷ್ಟ್ರು ಯಾರೂ ಇರಲಿಲ್ಲ. ಅಕ್ಕ ಇದ್ದಳು. ಅವಳ ಹೆಸರನ್ನು ನಾನು ಯಾವತ್ತೂ ಕರೆದವನಲ್ಲ, ಈಗ ಬರೆಯಲೂ ಕೈ ಬರುವುದಿಲ್ಲ. ಅವಳ ಬಗ್ಗೆ ಬರೆಯಬೇಕಾದರೆ ನಾನು ಮಾಡಿದ್ದನ್ನೂ ಬರೆಯಬೇಕು. ಅದನ್ನು ಇಷ್ಟು ದಿನ ನನ್ನ ಹೆಂಡತಿಯ ಹತ್ತಿರ ಬಿಟ್ಟು ಬೇರೆ ಯಾರ ಹತ್ತಿರವೂ ಹೇಳಿಲ್ಲ.

ನಮ್ಮದು ಸರ್ಜಾಪುರದ ಆಚೆಯ ಒಂದು ಹಳ್ಳಿ. ಅಪ್ಪ ಅಮ್ಮ ಬೇರೆಯವರ ಸೇವಂತಿಗೆ ತೋಟದಲ್ಲಿ ಹೂ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದರು. ಹೂ ಬೆಳಗಿನ ಜಾವಕ್ಕೇ ಬಿಡಿಸಬೇಕು, ಹಾಗಾಗಿ ನಾನು ಎದ್ದಾಗ ಮನೆಯಲ್ಲಿ ಇರುತ್ತಿದ್ದವಳು ಅಕ್ಕ ಒಬ್ಬಳೇ. ಮುಖ ತೊಳೆಸಿದವಳು, ಸ್ಕೂಲಿಗೆ ಎಳೆದುಕೊಂಡು ಹೋದವಳು ಅವಳೇ. ಸ್ಕೂಲಿಗೆ ಸೂಜಿಯವರು ಬರುವ ದಿನ ಮಾತ್ರ ನಾನು ಅವಳ ಕೈಗೂ ಸಿಗುತ್ತಿರಲಿಲ್ಲ. ಜೀಪಿನ ಸದ್ದು ಕೇಳಿದರೆ ಸಾಕು, ಹಿಂದಿನ ಗೋಡೆ ಹಾರಿ ಸೇವಂತಿಗೆ ಸಾಲಿನ ನಡುವೆ ಹೋಗಿ ಮಲಗುತ್ತಿದ್ದೆ. ಅಕ್ಕ ಬಂದು ಹುಡುಕುತ್ತಿದ್ದಳು. ಹೊಡೆಯುತ್ತಿರಲಿಲ್ಲ. ಪಕ್ಕದಲ್ಲಿ ಕೂತು, "ನಾನ್ ಮೊದ್ಲು ಆಕ್ಸ್ಕೋತೀನಿ. ನೀನ್ ನೋಡ್ತಾ ಇರು. ನಾನ್ ಅತ್ರೆ ನೀನ್ ಓಡೋಗು" ಎನ್ನುತ್ತಿದ್ದಳು.

ಅವಳು ಅಳುತ್ತಿರಲಿಲ್ಲ. ತನ್ನ ಸರದಿ ಬರುವ ಮೊದಲೇ ತೋಳು ಮಡಿಸಿಕೊಂಡು ನರ್ಸಮ್ಮನ ಮುಂದೆ ಹೋಗಿ ನಿಲ್ಲುತ್ತಿದ್ದಳು. ಸೂಜಿ ಒಳಗೆ ಹೋಗುವಾಗ ನನ್ನ ಕಡೆ ನೋಡಿ ನಗುತ್ತಿದ್ದಳು. "ಇರುವೆ ಕಚ್ದಂಗೆ, ಅಷ್ಟೇ" ಎನ್ನುತ್ತಿದ್ದಳು. ಆ ನಗುವನ್ನು ನಂಬಿ ನಾನು ಕೈ ಕೊಡುತ್ತಿದ್ದೆ. ಇರುವೆ ಕಚ್ಚಿದ ಹಾಗೆ ನನಗೆ ಒಂದು ಸಲವೂ ಆಗಲಿಲ್ಲ. ಕಣ್ಣು ಕತ್ತಲೆ ಬಂದು, ಕಾಲು ತಣ್ಣಗಾಗಿ, ಅವಳ ಲಂಗ ಹಿಡಿದುಕೊಂಡೇ ಕುಸಿಯುತ್ತಿದ್ದೆ.

ದೊಡ್ಡವನಾದ ಮೇಲೆ ಈ ಭಯ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮುಚ್ಚಿಡುವುದನ್ನು ಕಲಿತೆ, ಅಷ್ಟೇ.

ಮದುವೆಯಾಗಿ ಹೋದ ಅಕ್ಕ ಕೆಲವೇ ವರ್ಷದಲ್ಲಿ ಒಂದು ಬಟ್ಟೆಗಂಟು ಹಿಡಿದುಕೊಂಡು ವಾಪಸ್ ಬಂದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಷ್ಟರಲ್ಲಿ ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ನಾವು ಹೆಬ್ಬಗೋಡಿಗೆ ಬಂದು ಒಂದು ವಠಾರದಲ್ಲಿ ಅಕ್ಕಪಕ್ಕದ ಎರಡು ಮನೆ ಹಿಡಿದೆವು. ಒಂದರಲ್ಲಿ ನಾನು, ಆಮೇಲೆ ನನ್ನ ಹೆಂಡತಿ, ಆಮೇಲೆ ನನ್ನ ಮಗಳು. ಇನ್ನೊಂದರಲ್ಲಿ ಅಕ್ಕ. ನಡುವಿನ ಗೋಡೆ ಎಷ್ಟು ತೆಳು ಎಂದರೆ ಅವಳು ಕೆಮ್ಮಿದರೆ ನಮಗೆ ಎಚ್ಚರವಾಗುತ್ತಿತ್ತು.

ಇಬ್ಬರಿಗೂ ಒಂದೇ ಕಿಚನ್ನಿನಲ್ಲಿ ಕೆಲಸ ಸಿಕ್ಕಿತು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಿಗೆ ಊಟ ಮಾಡಿ ಕಳಿಸುವ ಕಿಚನ್ ಅದು. ಶೆಡ್ಡಿನೊಳಗೆ ಅನ್ನದ ಹಬೆ ಒಂದು ಕಡೆ, ಒಗ್ಗರಣೆಯ ಘಾಟು ಇನ್ನೊಂದು ಕಡೆ, ಮೂಲೆಯಲ್ಲಿ ಚಪಾತಿ ಕಾವಲಿ. ಆ ಕಾವಲಿ ಅಕ್ಕನದು. ಎಲ್ಲರೂ ಅವಳನ್ನು ಚಪಾತಿ ಅಕ್ಕ ಎಂದೇ ಕರೆಯುತ್ತಿದ್ದರು. ಚಿಟಿಕೆ ಹಿಟ್ಟು ಕಾವಲಿಯ ಮೇಲೆ ಹಾರಿಸಿ ಅದು ಕಂದುವ ಬಣ್ಣದಲ್ಲೇ ಕಾವು ತಿಳಿಯುತ್ತಿದ್ದಳು. ಮೊದಲ ಚಪಾತಿಯ ಅಂಚು ಮುರಿದು ತಾನು ತಿನ್ನದೆ ಬೇರೆಯವರ ಬಾಯಿಗೆ ಹೋಗಲು ಬಿಡುತ್ತಿರಲಿಲ್ಲ. ಸೂಪರ್‌ವೈಸರ್ ಕೈ ಹಾಕಿದರೂ ಸೌಟಿನಲ್ಲಿ ಮೆಲ್ಲಗೆ ತಟ್ಟಿ, "ತಡ್ಕೊಳಿ ಸಾರ್, ಸತ್ರೆ ನಾನ್ ಸಾಯ್ತೀನಿ, ನೀವಿರಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು.

ಅಡುಗೆ ಮುಟ್ಟುವವರೆಲ್ಲ ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ತೋರಿಸಿಕೊಂಡು ಕಾರ್ಡ್ ಮಾಡಿಸಿಕೊಳ್ಳಬೇಕು. ಟೈಫಾಯಿಡ್ ಇಂಜೆಕ್ಷನ್ ಆಗಿಲ್ಲದಿದ್ದರೆ ಕಾರ್ಡ್ ಇಲ್ಲ, ಕಾರ್ಡ್ ಇಲ್ಲದಿದ್ದರೆ ಕಂಪನಿಯ ಗೇಟಿನೊಳಗೆ ಬಿಡುವುದಿಲ್ಲ. ನನಗೆ ಮೊದಲು ಬಡಿಸುವ ಕೆಲಸ ಕೊಟ್ಟಿದ್ದರು. ಎಸಿ ಹಾಲಿನಲ್ಲಿ ನಿಂತು ಬಡಿಸುವ ಸುಲಭದ ಕೆಲಸ. ಇಂಜೆಕ್ಷನ್ ಎಂದ ಕೂಡಲೇ ನನಗೆ ವ್ಯಾನ್ ಓಡಿಸುವುದೇ ಇಷ್ಟ ಎಂದುಬಿಟ್ಟೆ. ವ್ಯಾನ್ ಡ್ರೈವರಿಗೆ ಆಗ ಯಾರೂ ಕಾರ್ಡ್ ಕೇಳುತ್ತಿರಲಿಲ್ಲ. ಬಿಸಿಲು, ಧೂಳು, ಸಿಲ್ಕ್ ಬೋರ್ಡ್ ಸರ್ಕಲ್ಲಿನ ಕಡೆಯಿಂದ ಉಕ್ಕಿ ಬರುವ ಟ್ರಾಫಿಕ್ ಎಲ್ಲವನ್ನೂ ಒಂದು ಸೂಜಿಯ ಭಯಕ್ಕೆ ತಲೆಯ ಮೇಲೆ ಹೊತ್ತುಕೊಂಡೆ. ಅಕ್ಕನಿಗೆ ಗೊತ್ತಾಗಿರಬೇಕು.

ಕೊರೋನಾ ಬಂದಾಗ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಸರ್ಟಿಫಿಕೇಟ್ ತೋರಿಸದೆ ಯಾವ ಗೇಟಿನಲ್ಲೂ ವ್ಯಾನ್ ಬಿಡುತ್ತಿರಲಿಲ್ಲ. ಸ್ಕೂಲಿನ ಅಂಗಳದಲ್ಲಿ ಉದ್ದನೆಯ ಸಾಲು. ಅಕ್ಕ ನನ್ನ ಮುಂದೆ ನಿಂತಿದ್ದಳು. ಅವಳ ಸರದಿ ಬಂದಾಗ ತೋಳು ಮಡಿಸಿ, ನನ್ನ ಕಡೆ ತಿರುಗಿ, ಮಾಸ್ಕಿನೊಳಗೆ ನಕ್ಕಳು. ಕಣ್ಣಿನಲ್ಲಿ ಗೊತ್ತಾಯಿತು. ಆಮೇಲೆ ನನ್ನ ಪಕ್ಕ ನಿಂತು ಕೈ ಹಿಡಿದುಕೊಂಡಳು. ಎರಡನೇ ಸಲವೂ ಹಾಗೆಯೇ. ಹೊರಗೆ ಬಂದು ನಾನು ಎದೆ ಸೆಟೆಸಿಕೊಂಡು, "ಮುಗೀತು ಕಣಕ್ಕ, ಇನ್ನು ಜನ್ಮಕ್ಕೆ ಸಾಕು" ಎಂದಿದ್ದೆ.

ಅಕ್ಕನಿಗೆ ಉಬ್ಬಸ ಶುರುವಾಗಿದ್ದು ಅದಾದ ಮೇಲೆ. ಹಿಟ್ಟಿನ ಧೂಳೋ, ಕಾವಲಿಯ ಹೊಗೆಯೋ ಗೊತ್ತಿಲ್ಲ. ಆಷಾಢದ ಗಾಳಿ ಬೀಸಿದರೆ ರಾತ್ರಿಯೆಲ್ಲ ಗೋಡೆಯಾಚೆಯಿಂದ ಸಿಳ್ಳೆ ಹಾಕಿದಂಥ ಉಸಿರು ಕೇಳುತ್ತಿತ್ತು. ಬಾಯಿಗೆ ಇಟ್ಟು ಎಳೆದುಕೊಳ್ಳುವ ಪಂಪನ್ನು ಅವಳು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಕಾವಲಿಯ ಮುಂದೆ ಉಸಿರು ಸಿಕ್ಕಿಕೊಂಡರೆ ಗೋಡೆಯ ಕಡೆ ತಿರುಗಿ ಪಂಪು ಎಳೆದುಕೊಂಡು, ಏನೂ ಆಗದವಳ ಹಾಗೆ ಮತ್ತೆ ಲಟ್ಟಣಿಗೆ ಹಿಡಿಯುತ್ತಿದ್ದಳು.

ಹೆಬ್ಬಗೋಡಿಯಲ್ಲಿ ನಾವು ಹೋಗುತ್ತಿದ್ದ ಕ್ಲಿನಿಕ್ಕಿನ ಡಾಕ್ಟರಮ್ಮ ಧಾರವಾಡದ ಕಡೆಯವರು. ಒಂದು ಆಷಾಢದಲ್ಲಿ ಅಕ್ಕನನ್ನು ಪಂಪಿನ ಔಷಧಿ ಬರೆಸಲು ಕರೆದುಕೊಂಡು ಹೋಗಿದ್ದೆ. ಅವರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಇಬ್ಬರಿಗೂ ಹೇಳಿದರು: "ಅಕ್ಕಗ ಫ್ಲೂ ಇಂಜೆಕ್ಷನ್ ಕೊಡ್ತೀನ್ರೀ. ಉಬ್ಬಸ ಇದ್ದೋರಿಗೆ ಅದು ಬೇಕಽ ಬೇಕು. ನೀವೂ ತಗೋರಿ ತಮ್ಮಾ. ದಿನಾ ಊರೆಲ್ಲಾ ಅಡ್ಡಾಡಿ ಮನಿಗೆ ಬರೋರು ನೀವು."

ನೀವೂ ಎಂದದ್ದು ಕಿವಿಗೆ ಬಿದ್ದ ಕೂಡಲೇ ನನ್ನ ಅಂಗೈ ಬೆವರಿತು. ಆದರೆ ಬಾಯಿ ಸುಮ್ಮನಿರಲಿಲ್ಲ. ಭಯವಾದಾಗಲೆಲ್ಲ ನನಗೆ ಮಾತು ಜಾಸ್ತಿ.

ಕೊರೋನಾದ್ದು ಎರಡೂ ಆಗಿದೆಯಲ್ಲ ಮೇಡಂ, ಅದೇ ಇದನ್ನೂ ತಡೆಯುತ್ತದೆ ಎಂದೆ. ಅದು ಬೇರೆ ಕ್ರಿಮಿ, ಇದು ಬೇರೆ ಕ್ರಿಮಿ ಎಂದರು. ಅಕ್ಕನಿಗೆ ಕ್ಯಾಂಟೀನ್ ಕಾರ್ಡಿಗೆಂದು ಹಾಕಿಸಿದ್ದೇವೆ, ಅದೂ ಜ್ವರಕ್ಕೇ ಅಲ್ಲವೇ ಎಂದೆ. ಅದು ಟೈಫಾಯಿಡ್‌ಗೆ, ಹೊಟ್ಟೆಯಿಂದ ಬರುವ ಕಾಯಿಲೆಗೆ, ಇದು ಉಸಿರಿನಿಂದ ಬರುವುದು ಎಂದರು. ಬರೀ ನೆಗಡಿಗೆಲ್ಲ ಇಂಜೆಕ್ಷನ್ ಯಾಕೆ, ಶುಂಠಿ ಕಷಾಯ ಕುಡಿದರೆ ಹೋಗುತ್ತದೆ ಎಂದೆ. ನೆಗಡಿ ಬೇರೆ, ಫ್ಲೂ ಬೇರೆ, ಫ್ಲೂ ಪುಪ್ಪುಸಕ್ಕೆ ಇಳಿದರೆ ಇವರಿಗೆ ಕಷ್ಟ ಎಂದರು. ಒಂದು ಸಲ ತೆಗೆದುಕೊಂಡರೆ ಸಾಕಾ ಎಂದು ಅಕ್ಕ ಕೇಳಿದಳು. ಇಲ್ಲ, ಪ್ರತಿ ವರ್ಷ ಎಂದರು. ನಾನು ಅದನ್ನೇ ಹಿಡಿದುಕೊಂಡು, ಹಾಗಾದರೆ ಅದು ಕೆಲಸ ಮಾಡುವುದಿಲ್ಲ ಎಂದೇ ಅರ್ಥ ಅಲ್ಲವೇ ಎಂದು ನಕ್ಕೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಿಮ್ಮ ಕ್ಯಾಂಟೀನಿನ ಮೆನು ಬದಲಾಗುವ ಹಾಗೆ ಆ ಕ್ರಿಮಿಯೂ ಬದಲಾಗುತ್ತಿರುತ್ತದೆ, ಅದಕ್ಕೆ ತಕ್ಕ ಹಾಗೆ ಔಷಧಿಯನ್ನೂ ಬದಲಾಯಿಸುತ್ತಾರೆ ಎಂದರು.

ಕೊನೆಗೆ ನಾನು ದೊಡ್ಡ ಮಾತು ತೆಗೆದೆ. ನಮ್ಮ ವ್ಯಾನಿನಲ್ಲಿ ಪಾತ್ರೆ ಇಳಿಸುವವನೊಬ್ಬ ಕಂಪನಿಯ ಕ್ಯಾಂಪಿನಲ್ಲಿ ಈ ಇಂಜೆಕ್ಷನ್ ತೆಗೆದುಕೊಂಡು ಮಾರನೇ ದಿನ ಜ್ವರ ಬಂದು ಮಲಗಿದ್ದ. ಇಂಜೆಕ್ಷನ್ನೇ ಫ್ಲೂ ತರುತ್ತದಂತೆ, ಮೊಬೈಲಿನಲ್ಲೂ ನೋಡಿದ್ದೇನೆ ಎಂದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇದರೊಳಗ ಇರೋದು ಸತ್ತ ಕ್ರಿಮೀರಿ. ಸತ್ತಿದ್ದು ಎದ್ದು ಬಂದು ರೋಗ ಕೊಡೂದಿಲ್ಲ. ಕೈ ಒಂದೀಟು ನೋಯ್ತದ, ಮೈ ಬೆಚ್ಚಗ ಆಗಬಹುದು, ಒಂದೆರಡು ದಿನಕ್ಕ ಹೋಗ್ತದ. ಖರೇ ಫ್ಲೂ ಹಂಗ ಹೋಗೂದಿಲ್ಲ." ಇಂಜೆಕ್ಷನ್ ಮೈಗೆ ಹತ್ತಲು ಎರಡು ವಾರ ಬೇಕು, ಮಳೆ ಜೋರಾಗುವ ಮೊದಲೇ ತೆಗೆದುಕೊಂಡರೆ ಒಳ್ಳೆಯದು ಎಂದೂ ಹೇಳಿದರು. ಹೊರಗೆ ಯಾವುದೋ ಮಗು ಅಳುತ್ತಿತ್ತು. ಅದನ್ನು ನೋಡಿ ಬರುತ್ತೇನೆಂದು ಎದ್ದು ಹೋದರು.

ಸಿಸ್ಟರ್ ಫ್ರಿಜ್ಜಿನಿಂದ ಸಣ್ಣ ಡಬ್ಬಿ ತೆಗೆದು ಟ್ರೇಯಲ್ಲಿಟ್ಟರು. ಎರಡು ಸ್ಟೂಲುಗಳಿದ್ದವು. ಅಕ್ಕ ಒಂದರ ಮೇಲೆ ಹೋಗಿ ಕೂತು ಸ್ವೆಟರಿನ ತೋಳನ್ನು ಮಡಿಸಿ ಮಡಿಸಿ ಭುಜದವರೆಗೆ ಏರಿಸಿದಳು. ನನ್ನ ಕಡೆ ನೋಡಿ ನಕ್ಕಳು. ಸೇವಂತಿಗೆ ತೋಟದ ಕಾಲದ್ದೇ ನಗು. ಸಿಸ್ಟರ್ ಹತ್ತಿಯಿಂದ ಅವಳ ತೋಳಿಗೆ ಸ್ಪಿರಿಟ್ ಒರೆಸಿದರು. ಆ ವಾಸನೆ ಮೂಗಿಗೆ ಹೊಡೆದ ಕೂಡಲೇ ನಾನು ಬಾಗಿಲ ಕಡೆ ಸರಿದೆ.

ಆಗ ನನ್ನ ತಲೆಯೊಳಗೆ ಏನಿತ್ತು ಎಂಬುದನ್ನು ಸುಳ್ಳಿಲ್ಲದೆ ಬರೆಯುತ್ತೇನೆ. ಅವಳಿಗೆ ಜ್ವರ ಬರಬಹುದು ಎಂದಲ್ಲ. ಇಂಜೆಕ್ಷನ್ ಒಳ್ಳೆಯದಲ್ಲ ಎಂದೂ ಅಲ್ಲ. ಡಾಕ್ಟರಮ್ಮ ಹೇಳಿದ್ದು ನನಗೆ ಅರ್ಥವಾಗಿತ್ತು, ನಂಬಿಕೆಯೂ ಬಂದಿತ್ತು. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ಅಕ್ಕನದು ಮುಗಿದರೆ ಮುಂದಿನದು ನನ್ನದು. ಅವಳು ಮೊದಲು ಹಾಕಿಸಿಕೊಂಡು ನಕ್ಕ ಮೇಲೆ ಇಲ್ಲ ಎನ್ನಲು ನನಗೆ ಯಾವತ್ತೂ ಆಗಿಲ್ಲ. ಹಾಗಾಗಿ ಅವಳದೇ ಆಗಬಾರದು.

"ಅಕ್ಕಾ, ಬೇಡ ಬಾ" ಎಂದೆ. "ನಾಳೆ ಕಾವಲಿ ಮುಂದೆ ನೀನೊಬ್ಳೇ ಇರೋದು. ಜ್ವರ ಬಂದು ಮಲಗಿದ್ರೆ ಯಾರ್ ಮಾಡ್ತಾರೆ? ಮುಂದಿನ್ ವಾರ ನೋಡಣ."

ಸಿಸ್ಟರ್ ಸೂಜಿ ಹಿಡಿದುಕೊಂಡು ನಿಂತರು. ಅಕ್ಕ ನನ್ನ ಮುಖವನ್ನೇ ನೋಡಿದಳು. ನನ್ನ ಮುಖದ ಮೇಲೆ ಏನು ಕಂಡಿತೋ. ಅವಳ ನಗು ಮೆಲ್ಲಗೆ ಇಳಿಯಿತು. ಸ್ವೆಟರಿನ ತೋಳನ್ನು, ಒದ್ದೆಯಾಗಿದ್ದ ಜಾಗದ ಮೇಲೆಯೇ, ಕೆಳಗೆ ಎಳೆದುಕೊಂಡಳು. "ಇನ್ನೊಂದಿನ ಬತ್ತೀವಿ ಸಿಸ್ಟರ್" ಎಂದಳು.

ಆಟೋದಲ್ಲಿ ಅವಳ ತೋಳಿನಿಂದ ಸ್ಪಿರಿಟಿನ ವಾಸನೆ ಬರುತ್ತಿತ್ತು. ನನಗೆ ಎಷ್ಟು ಹಗುರವಾಗಿತ್ತೆಂದರೆ ಬಸ್ ಸ್ಟಾಪಿನ ಹತ್ತಿರ ಇಳಿದು ಮೆಣಸಿನಕಾಯಿ ಬೋಂಡಾ ಕಟ್ಟಿಸಿಕೊಂಡೆ. ಮನೆಯಲ್ಲಿ ನಾನೇ ಹೆಚ್ಚು ತಿಂದೆ. ಡಾಕ್ಟರನ್ನು ಹೇಗೆ ಬಾಯಿ ಮುಚ್ಚಿಸಿದೆ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಮಾರನೇ ದಿನ ವ್ಯಾನಿನ ಹುಡುಗರಿಗೂ ಹೇಳಿದೆ. ನನ್ನ ಮಾತು ಕೇಳಿ ಅವರಲ್ಲಿ ಎಷ್ಟು ಜನ ಇಂಜೆಕ್ಷನ್ ಬಿಟ್ಟರೋ, ಅವರ ಮನೆಗಳಲ್ಲಿ ಏನಾಯಿತೋ, ಕೇಳಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಮುಂದಿನ ವಾರ ನಾವು ಹೋಗಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಂಪನಿಗಳಿಂದ ಒಬ್ಬಟ್ಟಿನ ಆರ್ಡರ್ ಬಂದಿತ್ತು. ಕಿಚನ್ನಿನಲ್ಲಿ ಭಾನುವಾರದ ರಜೆಯೂ ಇರಲಿಲ್ಲ. ಅಕ್ಕ ಕೂತಲ್ಲಿಂದ ಏಳದೆ ಒಬ್ಬಟ್ಟು ತಟ್ಟಿದಳು.

ಹಬ್ಬ ಕಳೆದ ಮೇಲೆ ಮೊದಲು ಕೆಮ್ಮಿದವನು ನಾನು. ಇಂಜೆಕ್ಷನ್ ಮೈಗೆ ಹತ್ತಲು ಬೇಕೆಂದು ಡಾಕ್ಟರಮ್ಮ ಹೇಳಿದ್ದ ಆ ಎರಡು ವಾರ ಅಷ್ಟರಲ್ಲಿ ಕಳೆದುಹೋಗಿತ್ತು. ವ್ಯಾನಿನಲ್ಲಿ ಪಕ್ಕ ಕೂರುತ್ತಿದ್ದವನಿಗೆ ಜ್ವರವಿತ್ತು, ಅವನಿಂದ ನನಗೆ ಬಂತು. ಮೈಕೈ ಮುರಿದು ಹಾಕಿದ ಹಾಗೆ, ಕಣ್ಣುಗುಡ್ಡೆ ತಿರುಗಿಸಿದರೂ ನೋವು. ಬರೀ ನೆಗಡಿ ಎಂದೆ. ಮೆಡಿಕಲ್ ಶಾಪಿನವನಿಂದ ಆ್ಯಂಟಿಬಯಾಟಿಕ್ ಮಾತ್ರೆ ತಂದು ನುಂಗಿದೆ. ಹೆಂಡತಿಯನ್ನೂ ಮಗಳನ್ನೂ ಒಳಕೋಣೆಯಿಂದ ಹೊರಗೆ ಬರಬೇಡಿ ಎಂದು ಅಕ್ಕನೇ ತಡೆದಳು. ತಾನು ಮಾತ್ರ ನನ್ನ ಹತ್ತಿರ ಬಂದಳು. ಗಂಜಿ ಕುಡಿಸಿದಳು, ಬೆನ್ನಿಗೆ ಎಣ್ಣೆ ತಿಕ್ಕಿದಳು, ನಾನು ಅವಳ ಮುಖದ ಮೇಲೆಯೇ ಕೆಮ್ಮಿದರೂ ಹಿಂದೆ ಸರಿಯಲಿಲ್ಲ. "ನೀನ್ ಚಿಕ್ಕೋನಿದ್ದಾಗ್ಲೂ ಇಂಗೇ ಕೆಮ್ತಿದ್ದೆ, ನಂಗೇನಾಯ್ತು?" ಎಂದಳು. ಬೇಡ, ದೂರ ಇರು ಎಂದು ನಾನು ಹೇಳಬಹುದಿತ್ತು. ಜ್ವರದಲ್ಲಿ ಅವಳ ಕೈ ತಣ್ಣಗಿತ್ತು. ಹೇಳಲಿಲ್ಲ.

ನಾನು ಎದ್ದು ಕೂತ ದಿನ ಗೋಡೆಯಾಚೆ ಅವಳ ಕೆಮ್ಮು ಶುರುವಾಯಿತು.

ಆಗಲೂ ನಾನು ಬುದ್ಧಿ ಕಲಿಯಲಿಲ್ಲ. ಕ್ಲಿನಿಕ್ಕಿಗೆ ಹೋದರೆ ಡಾಕ್ಟರಮ್ಮ ಕೇಳುತ್ತಾರೆ, ಇಂಜೆಕ್ಷನ್ ಯಾಕೆ ತೆಗೆದುಕೊಳ್ಳಲಿಲ್ಲ ಎಂದು. ಆ ಪ್ರಶ್ನೆಗೆ ಹೆದರಿ, ನನಗೆ ವಾಸಿಯಾಯಿತಲ್ಲ ಎಂದು ಅದೇ ಮಾತ್ರೆಯನ್ನು ಅವಳಿಗೂ ತಂದುಕೊಟ್ಟೆ. ಆ ಮಾತ್ರೆ ಈ ಕ್ರಿಮಿಗೆ ತಾಗುವುದೇ ಇಲ್ಲ, ನನಗೆ ಮಾತ್ರೆಯಿಂದ ವಾಸಿಯಾದದ್ದಲ್ಲ ಎಂದು ಆಮೇಲೆ ತಿಳಿಯಿತು. ಅವಳು ಪಂಪು ಎಳೆದಳು, ಮಾತ್ರೆ ನುಂಗಿದಳು, ಗೋಡೆಗೆ ಒರಗಿ ಕೂತೇ ಇದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಹೆಂಡತಿ ಕಾಫಿ ಕೊಡಲು ಹೋದವಳು ಲೋಟವನ್ನು ಅಲ್ಲೇ ಬಿಟ್ಟು ಓಡಿ ಬಂದು, "ರೀ, ಅತ್ತಿಗೆ ತುಟಿ ನೀಲಿಯಾಗಿದೆ" ಎಂದಳು.

ವ್ಯಾನಿನಲ್ಲಿದ್ದ ಊಟದ ಪಾತ್ರೆಗಳನ್ನು ಅಲ್ಲೇ ಕೆಳಗಿಳಿಸಿ, ಅದರಲ್ಲೇ ಅವಳನ್ನು ಹೊಸೂರು ರಸ್ತೆಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಕ್ಕದ ಸೀಟಿನಲ್ಲಿ ಕೂತಿದ್ದಳು. ಸಿಗ್ನಲ್ ಬಂದಾಗಲೆಲ್ಲ ಅವಳ ಎದೆ ಏರಿಳಿಯುತ್ತಿದೆಯೇ ಎಂದು ತಿರುಗಿ ನೋಡುತ್ತಿದ್ದೆ. ಅಷ್ಟು ವರ್ಷ ಓಡಿಸಿದ ರಸ್ತೆ ಆ ದಿನ ಮುಗಿಯಲೇ ಇಲ್ಲ.

ಮೂಗಿನಿಂದ ಕಡ್ಡಿಯಲ್ಲಿ ತೆಗೆದು ಪರೀಕ್ಷೆ ಮಾಡಿ ಫ್ಲೂ ಎಂದರು. ಪುಪ್ಪುಸ ಎರಡೂ ಕಡೆ ಹಿಡಿದಿದೆ, ತಡವಾಗಿ ತಂದಿದ್ದೀರಿ ಎಂದರು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿ ಕೂರಿಸಿದರು. ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಒಳಗೆ ಬಿಟ್ಟರು. ಸುತ್ತ ಬರೀ ಸೂಜಿ. ನೇತಾಡುವ ಬಾಟಲಿ, ನಳಿಕೆ, ಟ್ರೇ. ಅದೇ ಸ್ಪಿರಿಟಿನ ವಾಸನೆ. ಮಂಚದ ಕಂಬಿ ಹಿಡಿದುಕೊಂಡು ನಿಂತೆ. ಅವಳು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ನನ್ನ ಕಡೆ ನೋಡುತ್ತಿದ್ದಳು, ಅಷ್ಟೇ.

ಒಬ್ಬ ನರ್ಸ್ ಬಂದು ಅವಳ ಮಣಿಕಟ್ಟನ್ನು ತಿರುಗಿಸಿ, ನಾಡಿ ಹುಡುಕಿ, ಉದ್ದನೆಯ ಸೂಜಿ ತೆಗೆದರು. ರಕ್ತ ತೆಗೆಯಬೇಕು, ಸ್ವಲ್ಪ ನೋಯುತ್ತದೆ ಎಂದರು. ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಕಾಲು ತಣ್ಣಗಾಯಿತು. ಅಕ್ಕ ಇನ್ನೊಂದು ಕೈಯಿಂದ ಮಾಸ್ಕನ್ನು ಸ್ವಲ್ಪ ಎತ್ತಿದಳು. ನರ್ಸ್ ಬೇಡ ಎಂದರೂ ಎತ್ತಿದಳು.

"ನೀನ್ ಆಚೆ ಓಗು ಮಗಾ. ನೋಡ್ಬೇಡ."

ನಾನು ಹೋದೆ. ಹೋಗಬಾರದಿತ್ತು. ಹೋದೆ. ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತೆ. ಒಳಗೆ ಓಡಾಟ ಜಾಸ್ತಿಯಾಯಿತು, ಪರದೆ ಎಳೆದರು, ಗಂಟಲಿಗೆ ಟ್ಯೂಬ್ ಹಾಕಬೇಕು, ಸಹಿ ಮಾಡಿ ಎಂದು ಯಾರೋ ಬಂದರು. ಆಮೇಲೆ ಅವಳು ಕಣ್ಣು ಬಿಟ್ಟು ನನ್ನನ್ನು ನೋಡಲಿಲ್ಲ. ಕೆಲವು ದಿನ ಯಂತ್ರ ಉಸಿರಾಡಿತು. ಆಮೇಲೆ ಅದೂ ನಿಂತಿತು.

ಆಸ್ಪತ್ರೆಯ ಡಾಕ್ಟರನ್ನು ನಾನು ಕೇಳಿದೆ. ಇಂಜೆಕ್ಷನ್ ಆಗಿದ್ದರೆ ಬದುಕುತ್ತಿದ್ದಳಾ ಎಂದು. ಆ ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಬದುಕುತ್ತಿದ್ದರು ಎಂದು ಖಂಡಿತವಾಗಿ ಹೇಳಲಾಗುವುದಿಲ್ಲ, ಇಂಜೆಕ್ಷನ್ ಆದವರಿಗೂ ಫ್ಲೂ ಬರುವುದುಂಟು, ಆದರೆ ಇಷ್ಟು ಜೋರಾಗದೆ ಇರುವ ಸಾಧ್ಯತೆ ಇತ್ತು ಎಂದರು. ಬದುಕುತ್ತಿರಲಿಲ್ಲ ಎಂದಿದ್ದರೆ ಸುಮ್ಮನಾಗುತ್ತಿದ್ದೆ. ಬದುಕುತ್ತಿದ್ದರು ಎಂದಿದ್ದರೆ ಬಾಯಿ ಬಿಟ್ಟು ಅಳುತ್ತಿದ್ದೆ. ಸಾಧ್ಯತೆ ಎಂಬ ಮಾತನ್ನು ಎಲ್ಲಿಡಬೇಕೋ ತಿಳಿಯದೆ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಹನ್ನೊಂದನೇ ದಿನದ ಕಾರ್ಯವಾದ ಮೇಲೆ ಹೆಂಡತಿಯ ಹತ್ತಿರ ಎಲ್ಲವನ್ನೂ ಹೇಳಿದೆ. ಜ್ವರ ಬರುತ್ತದೆಂದು ಅಲ್ಲ, ನನ್ನ ಸರದಿ ಬರುತ್ತದೆಂದು ಅಕ್ಕನನ್ನು ಸ್ಟೂಲಿನಿಂದ ಎಬ್ಬಿಸಿದೆ ಎಂದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. "ಅತ್ತಿಗೆಗೆ ಗೊತ್ತಿತ್ತು ಕಣ್ರೀ" ಎಂದಳು. ಬೋಂಡಾ ತಿಂದ ಆ ಸಂಜೆಯೇ ಅಕ್ಕ ಅವಳನ್ನು ಹಿತ್ತಲಿಗೆ ಕರೆದು ಹೇಳಿದ್ದಳಂತೆ: "ಅವ್ನು ಎದ್ರುಕೊಂಬುಟ್ಟ ಪಾಪ. ಒಂದ್ ಭಾನ್ವಾರ ನಾನೊಬ್ಳೇ ಓಗಿ ಆಕ್ಸ್ಕೊಂಡ್ ಬತ್ತೀನಿ. ಅವ್ನ್ಗೆ ಅನ್ಬೇಡ, ನಾಚ್ಕೋತಾನೆ." ಒಬ್ಬಟ್ಟಿನ ಆರ್ಡರ್ ಬಂದು ಆ ಭಾನುವಾರ ಅವಳಿಗೆ ಸಿಗಲೇ ಇಲ್ಲ.

ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೇ ಇನ್ನೊಂದು ಮಾತು ಹೇಳಿದಳು. ಅತ್ತಿಗೆಗೂ ಸೂಜಿ ಎಂದರೆ ಪ್ರಾಣಭಯ, ಚಿಕ್ಕಂದಿನಿಂದಲೂ, ನಿಮಗೆ ಗೊತ್ತಿಲ್ಲವಾ ಎಂದಳು. ಕಾರ್ಡಿನ ಇಂಜೆಕ್ಷನ್ ದಿನ ಬೆಳಿಗ್ಗೆಯಿಂದ ಊಟ ಸೇರುತ್ತಿರಲಿಲ್ಲವಂತೆ. ತಮ್ಮ ನೋಡುತ್ತಾನೆ ಎಂದು ನಕ್ಕು ನಕ್ಕು ಅಭ್ಯಾಸವಾಗಿತ್ತಂತೆ.

ಇದರಿಂದ ಸಮಾಧಾನವಾಗುತ್ತದೆ ಎಂದುಕೊಂಡಳು ಪಾಪ. ಅಂದರೆ ಸ್ಕೂಲಿನ ಅಂಗಳದಲ್ಲಿ, ಕೊರೋನಾ ಸಾಲಿನಲ್ಲಿ, ಕ್ಲಿನಿಕ್ಕಿನ ಸ್ಟೂಲಿನ ಮೇಲೆ, ಅವಳೂ ನನ್ನಷ್ಟೇ ನಡುಗುತ್ತಿದ್ದಳು. ಧೈರ್ಯ ತಂದುಕೊಂಡು ತೋಳು ಮಡಿಸಿ ಕೂತಿದ್ದಳು. ಆ ಧೈರ್ಯವನ್ನು ನಾನು ಒಂದು ಮಾತಿನಲ್ಲಿ ಕೆಡಿಸಿದೆ.

ಈಗ ವಠಾರದಲ್ಲಿ ಯಾರು ಕೆಮ್ಮಿದರೂ ನನ್ನ ಕೈಯಲ್ಲಿದ್ದದ್ದು ಜಾರುತ್ತದೆ. ಅಕ್ಕನ ಮನೆಗೆ ಬೇರೆ ಯಾರೋ ಬಾಡಿಗೆಗೆ ಬಂದಿದ್ದಾರೆ. ಗೋಡೆಯಾಚೆ ಸದ್ದಾದರೆ ಎದ್ದು ಕೂರುತ್ತೇನೆ. ಮಗಳ ಹಣೆಯನ್ನು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡುತ್ತೇನೋ, ಅವಳೇ ಬೇಜಾರಾಗಿ ಕೈ ತಳ್ಳುತ್ತಾಳೆ. ವ್ಯಾನಿನಲ್ಲಿ ಯಾರಿಗಾದರೂ ಜ್ವರವಿದ್ದರೆ ಕಿಟಕಿ ಇಳಿಸಿ, ಮಾಸ್ಕ್ ಹಾಕಿಸಿ, ಮನೆಗೆ ಕಳಿಸುತ್ತೇನೆ. ಹುಡುಗರು, "ಡ್ರೈವರಣ್ಣ ಪುಕ್ಲ ಆಗೋದ್ರು" ಎಂದು ನಗುತ್ತಾರೆ. ಮೊದಲಿನಿಂದಲೂ ನಾನು ಪುಕ್ಕಲನೇ ಎಂದು ಅವರಿಗೆ ಹೇಳಬೇಕೆನಿಸುತ್ತದೆ.

ಅವಳು ಹೋದ ಮಾರನೇ ವರ್ಷ, ಆಷಾಢದ ಗಾಳಿ ಏಳುವ ಮೊದಲೇ, ಅದೇ ಕ್ಲಿನಿಕ್ಕಿಗೆ ಹೋದೆ. ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಅವಳಿಗೂ ಅತ್ತೆಯ ಹಾಗೆಯೇ ಚಳಿಗೆ ಎದೆಯಲ್ಲಿ ಸಿಳ್ಳೆ ಬರಲು ಶುರುವಾಗಿದೆ. ಡಾಕ್ಟರಮ್ಮ ಏನನ್ನೂ ಕೇಳಲಿಲ್ಲ. ನನ್ನ ಭುಜ ಒಂದು ಸಲ ಮುಟ್ಟಿ ಹೊರಗೆ ಹೋದರು. ಅದೇ ಸಿಸ್ಟರ್, ಅದೇ ಫ್ರಿಜ್ಜು, ಅವೇ ಎರಡು ಸ್ಟೂಲು. ಅಕ್ಕ ಕೂತಿದ್ದ ಸ್ಟೂಲಿನ ಮೇಲೆ ನಾನು ಕೂತೆ. ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು. ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಓಡಿಹೋಗುವವರು ಹೇಗೆ ನಿಲ್ಲುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ತೋಳು ಮಡಿಸಿದೆ. ಸ್ಪಿರಿಟಿನ ತಂಪು ಮೈಗೆಲ್ಲ ಹರಡಿತು. "ಆ ಕಡೆ ನೋಡಿ ಅಣ್ಣ" ಎಂದರು ಸಿಸ್ಟರ್. ನೋಡಲಿಲ್ಲ. ಸೂಜಿಯನ್ನೇ ನೋಡಿದೆ, ಒಳಗೆ ಹೋಗುವವರೆಗೂ, ಹೊರಗೆ ಬರುವವರೆಗೂ. ಕಣ್ಣು ಕತ್ತಲೆ ಬಂತು. ಸ್ಟೂಲಿನ ಅಂಚು ಹಿಡಿದುಕೊಂಡು ಅದು ಹೋಗುವವರೆಗೆ ಕೂತೆ.

ಮಗಳು ಬಾಗಿಲಿನಿಂದಲೇ ಕೇಳಿದಳು. "ನೋವಾಯ್ತಾ ಅಪ್ಪಾ?"

ಇರುವೆ ಕಚ್ಚಿದ ಹಾಗೆ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು. ನಗಲು ನೋಡಿದೆ, ಆಗಲಿಲ್ಲ. ಅದು ಅಕ್ಕನಿಗೆ ಮಾತ್ರ ಬರುತ್ತಿದ್ದ ವಿದ್ಯೆ.

"ನೋವು ಅಷ್ಟಿಲ್ಲ" ಎಂದೆ. "ಭಯ ಆಯ್ತು. ತುಂಬಾ ಭಯ ಆಯ್ತು. ಈಗ್ಲೂ ಕೈ ನಡುಗ್ತಾ ಇದೆ, ನೋಡು."

ಅವಳು ಪರದೆ ಬಿಟ್ಟು ಹತ್ತಿರ ಬಂದಳು. ನನ್ನ ಕೈಯನ್ನು ಮುಟ್ಟಿ ನೋಡಿದಳು. ನಿಜವಾಗಿಯೂ ನಡುಗುತ್ತಿದೆ ಎಂದು ಖಾತ್ರಿಯಾದ ಮೇಲೆ, ಇನ್ನೊಂದು ಸ್ಟೂಲಿನ ಮೇಲೆ ಹತ್ತಿ ಕೂತು ತೋಳು ಮಡಿಸತೊಡಗಿದಳು.